ಗುಡ್ಡದಮ್ಮನ ಏರಿಗೆ ಯಾವ ಚಕ್ರ

ಆಗಸ್ಟ್ 10, ಭಾನುವಾರ

ಈ ಡೈರಿ ಕೊಟ್ಟವಳು ಮೊಮ್ಮಗಳು ಸಿಂಚನ. "ತಾತ, ಕೂಗಾಡ್ಬೇಕು ಅನ್ಸಿದಾಗೆಲ್ಲ ಇದ್ರಲ್ಲಿ ಬರೀರಿ. ಅಜ್ಜಿಗೂ ಕಿವಿಗೆ ರೆಸ್ಟು" ಎಂದಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಏಳನೇ ಕ್ಲಾಸು ಓದುವವಳು ನನಗೆ ಬುದ್ಧಿ ಹೇಳುತ್ತಾಳೆ. ಆಗಲಿ. ಇವತ್ತು ಕೂಗುವುದು ಬೇಕಾದಷ್ಟಿದೆ.

ಹೊಸ ಗಾಡಿ ತೆಗೆದುಕೊಳ್ಳುವುದು ತೀರ್ಮಾನವಾಗಿದೆ. ಹೋದ ಕಾರ್ತಿಕದಲ್ಲಿ ನಮ್ಮ ಮನೆದೇವರು ಗುಡ್ಡದಮ್ಮನ ಪರ, ಅಂದರೆ ವರ್ಷದ ಪೂಜೆ-ಊಟ, ಮಾಡಲು ಹೋದಾಗ, ಈಗಿರುವ ಕಾರು ಏರಿನ ಅರ್ಧದಲ್ಲಿ ಮಾನ ಕಳೆಯಿತು. ಮುಂದಿನ ಚಕ್ರ ಎಳೆಯುವ ಗಾಡಿ ಅದು. ಜನ ತುಂಬಿದರೆ ಮೂತಿ ಮೇಲೆ ಎತ್ತಿಕೊಳ್ಳುತ್ತದೆ. ಚಕ್ರ ಗಿರಗಿರನೆ ತಿರುಗಿ ಕೆಂಪು ಕೆಸರು ಎರಚಿತೇ ಹೊರತು ಒಂದು ಮೊಳ ಮುಂದಕ್ಕೆ ಹೋಗಲಿಲ್ಲ. ಮಿಕ್ಕವರು ನಡೆದು ಹತ್ತಿದರು. ನನ್ನ ಹೆಂಡತಿ ದೇವಿರಮ್ಮನಿಗೆ ಮಂಡಿ ಹೋಗಿದೆ, ನಡೆಯಲಾಗದು. ತಂಬಿಟ್ಟಿನ ಆರತಿ ತೊಡೆಯ ಮೇಲಿಟ್ಟುಕೊಂಡು ಕೆಳಗೇ ಕೂತಳು. ನಮ್ಮ ಮನೆಯಲ್ಲಿ ಹಿರೀ ಹೆಂಗಸು ಹೊತ್ತ ಆರತಿಯನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ದೀಪ ಕೆಳಗೇ ಆರಿತು. ಆವತ್ತಿನಿಂದ ಅವಳದು ಒಂದೇ ಮಾತು: "ಈ ಸಲ ಅಮ್ಮನ ಮುಂದೆ ನಾನೇ ಆರತಿ ಎತ್ತಬೇಕು. ಎಂಗೆ ಕರ್ಕೊಂಡೋಗ್ತೀರೋ ನಿಮ್ಗೆ ಬಿಟ್ಟಿದ್ದು."

ಆರತಿಗೆ ಇರುವ ಹಾಗೇ ಗಾಡಿಗೂ ಕಟ್ಟಲೆ ಇದೆ. ಎತ್ತಿನ ಗಾಡಿಯ ಕಾಲದಿಂದಲೂ ಗುಡ್ಡಕ್ಕೆ ಗಾಡಿ ಹೊಡೆಯುವವನು ಮನೆಯ ಹಿರೀ ಗಂಡಸು. ಬುಡದಲ್ಲಿ ಮೆಟ್ಟು ಬಿಟ್ಟು ಬರಿಗಾಲಲ್ಲಿ ಹೊಡೆಯಬೇಕು. ಅಂದರೆ ನಾನು. ಮೂವತ್ತು ವರ್ಷ ದೇವರಾಜ ಮಾರ್ಕೆಟ್ಟಿಗೆ ಟೆಂಪೋದಲ್ಲಿ ತರಕಾರಿ ಹೊಡೆದವನು. ಹಿಂದಿನ ಚಕ್ರ ತಳ್ಳುವ ಗಾಡಿ ಒಂದು ಕೊಟ್ಟರೆ ಸಾಕು, ಗುಡ್ಡವನ್ನೇ ಹತ್ತಿಸಿ ಇಳಿಸುತ್ತೇನೆ.

ಮಗ ರಾಜೇಶ ಒಂಟಿಕೊಪ್ಪಲಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಸ್ಟೇರಿಂಗ್ ಮುಟ್ಟಿದರೆ ಬೆವರುತ್ತಾನೆ. ಸ್ಕೂಟರಿನ ಮೇಲೆ ಹುಟ್ಟಿದವನು. ಅವನು ಹೇಳುತ್ತಾನೆ, "ಅಪ್ಪಾ, ನಾಲ್ಕೂ ಚಕ್ರ ಎಳೆಯೋದು ತಗೊಳ್ಳೋಣ." ಓಡಿಸದವನಿಗೆ ಎಷ್ಟು ಚಕ್ರ ಆದರೇನು?

ಆಗಸ್ಟ್ 12, ಮಂಗಳವಾರ

ಶೋರೂಮಿಗೆ ಹೋಗಿದ್ದೆವು. ನಾನು, ರಾಜೇಶ, ಸೊಸೆ ಶಾಲಿನಿ. ಒಂದೇ ಗಾಡಿ, ಏಳು ಜನ ಕೂರುವಂಥದ್ದು, ಎರಡು ಥರ ಬರುತ್ತದಂತೆ. ಒಂದರಲ್ಲಿ ಹಿಂದಿನ ಚಕ್ರ ಮಾತ್ರ ತಳ್ಳುತ್ತದೆ, ಇನ್ನೊಂದರಲ್ಲಿ ನಾಲ್ಕೂ. ವಿವರಿಸಿದ ಹುಡುಗ ಅಭಿರಾಮ ಅಂತ. ಕತ್ತಿಗೆ ಟೈ, ಬಾಯಿ ತುಂಬ ಸಾರ್.

"ಇದು ಆಲ್ ವೀಲ್ ಡ್ರೈವ್ ಸಾರ್. ಫೋರ್ ವೀಲ್ ಡ್ರೈವ್ ಬೇರೆ."

"ಗಾಡಿಗೆ ಚಕ್ರ ಎಷ್ಟಯ್ಯಾ?"

"ನಾಲ್ಕು ಸಾರ್."

"ಫೋರ್ ಅಂದ್ರೂ ನಾಲ್ಕು, ಆಲ್ ಅಂದ್ರೂ ನಾಲ್ಕು. ಬೇರೆ ಎಂಗಾಯ್ತು? ಸ್ಟೆಪ್ನೀನೂ ಎಳೀತದಾ?"

ಶಾಲಿನಿ ಅತ್ತ ತಿರುಗಿ ನಕ್ಕಳು. ಹುಡುಗ ಪಾಪ ಬೆವರಿದ. ಒಂದರಲ್ಲಿ ನಾವೇ ಗುಂಡಿ ತಿರುಗಿಸಿ ನಾಲ್ಕಕ್ಕೂ ಶಕ್ತಿ ಕೊಡಬೇಕು, ಇನ್ನೊಂದರಲ್ಲಿ ಗಾಡಿಯೇ ನೋಡಿಕೊಂಡು ಯಾವ ಚಕ್ರ ಜಾರುತ್ತದೋ ಅದನ್ನು ಬಿಟ್ಟು ಮಿಕ್ಕವಕ್ಕೆ ಕೊಡುತ್ತದಂತೆ. ಗಾಡಿಯೇ ನೋಡಿಕೊಳ್ಳುವುದಾದರೆ ಡ್ರೈವರ್ ಯಾಕೆ ಎಂದೆ. ಬಣ್ಣದ ಕಾಗದ ಒಂದನ್ನು ನನ್ನ ಕೈಗೆ ಕೊಟ್ಟ.

ಚಕ್ರ ಜಾರಿದ್ದು ಡ್ರೈವರನ ಸೊಂಟಕ್ಕೆ ಮೊದಲು ತಿಳಿಯಬೇಕು, ಆಮೇಲೆ ಕಾಲಿಗೆ. ಇದನ್ನು ಅಭಿರಾಮನಿಗೆ ಹೇಳಿದೆ. "ಸೂಪರ್ ಸಾರ್" ಎಂದ.

ಆಗಸ್ಟ್ 13

ನಾಲ್ಕು. ಎರಡು. ನಾಲ್ಕು. ತಲೆ ಕೆಟ್ಟಿದೆ. ಸಾರಿಗೆ ಉಪ್ಪಿಲ್ಲ ಎಂದು ಕೂಗಾಡಿದೆ. ಉಪ್ಪು ಇತ್ತು.

ಆಗಸ್ಟ್ 19, ಮಂಗಳವಾರ

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಶಾಮಣ್ಣ ಮೇಷ್ಟ್ರು ಸಿಕ್ಕರು. ಲಕ್ಷ್ಮೀಪುರಂನವರು, ರಿಟೈರಾದ ಹೈಸ್ಕೂಲು ಮೇಷ್ಟ್ರು. ದಿನಾ ಜೊತೆಗೆ ನಡೆಯುತ್ತೇವೆ, ದಿನಾ ಜಗಳ ಆಡುತ್ತೇವೆ. ವಿಜ್ಞಾನ ಪಾಠ ಮಾಡಿದವರು, ಒಂದು ಮಾತಿನಲ್ಲಿ ಹೇಳಲಿ ಎಂದು ಕೇಳಿದೆ.

"ನೋಡಿ ಚೆಲುವರಾಜು, ಏರು ಹತ್ತುವಾಗ ಭಾರ ಹಿಂದಕ್ಕೆ ಬರುತ್ತೆ. ಭಾರ ಇದ್ದ ಕಡೆ ಹಿಡಿತ. ಆದ್ದರಿಂದ ಹಿಂದಿನ ಚಕ್ರ ತಳ್ಳೋದು ಒಳ್ಳೇದೇ."

"ಅದೇ ನಾನಂದದ್ದು!"

"ತಾಳಿ. ಕೆಸರಿನಲ್ಲಿ ಹಿಂದಿನದು ಜಾರಿತು ಅನ್ನಿ. ಆಗ ಮುಂದಿನದೂ ಎಳೆದರೆ ಇನ್ನೂ ಒಳ್ಳೇದಲ್ವೇ?"

"ಅಂದ್ರೆ ಯಾವುದು ಸರಿ ಮೇಷ್ಟ್ರೆ?"

"ಎರಡೂ ಸರಿ ಕಣ್ರೀ."

ಇದಕ್ಕೆ ಸರ್ಕಾರ ಇವರಿಗೆ ಪೆನ್ಷನ್ ಕೊಡುತ್ತದೆ. ಕೋಪ ಬಂದು ಮುಂದೆ ಮುಂದೆ ನಡೆದೆ. ಹಿಂದಿನಿಂದ ಕೂಗಿದರು, "ರೀ, ನಿಮ್ಮ ಬಲಗಾಲಿನ ಚಪ್ಪಲಿ ಆಗಲೇ ಆ ಕಲ್ಲುಬೆಂಚಿನ ಹತ್ತಿರ ಬಿತ್ತು. ಗೊತ್ತಾಗಲಿಲ್ವೇ?" ನೋಡಿದರೆ ಬಲಗಾಲು ಬರಿದು. ಚಪ್ಪಲಿಯ ಪಟ್ಟಿ ಸಡಿಲವಾಗಿದೆ. ಹೊಲಿಸಬೇಕು.

ಮೇಷ್ಟ್ರು ಆಮೇಲೆ ಜಗಳ ಆಡಲಿಲ್ಲ. ಸುಮ್ಮನೆ ನನ್ನ ಕಾಲು ನೋಡಿಕೊಂಡು ನಡೆದರು. ಅವರ ಗ್ರಹಚಾರ.

ಆಗಸ್ಟ್ 28, ಗುರುವಾರ

ನಿನ್ನೆ ಗಣೇಶನ ಹಬ್ಬ. ಕಡುಬು ಬಾಯಿಗಿಡುವಾಗಲೇ ರಾಜೇಶ ಫೋನು ಹಿಡಿದು ತಂದ. ಯಾವುದೋ ದೇಶದ ಹಿಮದ ಗುಡ್ಡದ ಮೇಲೆ ಯಾರೋ ಗಾಡಿ ಹತ್ತಿಸುತ್ತಿದ್ದಾನೆ. ಹಿಂದಿನ ಚಕ್ರದ್ದು ಜಾರಿ ಕೆಳಗೆ ಬಂತು, ನಾಲ್ಕು ಚಕ್ರದ್ದು ಹತ್ತಿತು.

"ಲೋ, ಗುಡ್ಡದಮ್ಮನ ಏರಲ್ಲಿ ಹಿಮ ಯಾವತ್ತು ಬಿತ್ತೋ?"

"ಕೆಸರೂ ಅಂಗೇ ಕಣಪ್ಪಾ."

"ಅವನಿಗೆ ಓಡ್ಸಕ್ಕೆ ಬರಲ್ಲ. ಬುಡು."

ದೇವಿರಮ್ಮ ತಟ್ಟೆ ತೆಗೆಯುತ್ತಾ ಅಂದಳು, "ಅಪ್ಪ ಮಗ ಚಕ್ರ ಎಣಿಸ್ಕೊಂಡೇ ಕಾರ್ತಿಕ ಕಳೀರಿ. ನಾನು ಈ ಸಲವೂ ಕೆಳಗೆ ಕೂತು ದೀಪಕ್ಕೆ ಗಾಳಿ ತಾಗದಂಗೆ ಸೆರಗು ಅಡ್ಡ ಹಿಡೀತೀನಿ."

ಕಡುಬು ಕೆಳಗಿಟ್ಟೆ. ಆಯುಧಪೂಜೆಗೆ ಗಾಡಿ ಮನೆ ಮುಂದೆ ಇರುತ್ತದೆ ಎಂದು ಮಾತು ಕೊಟ್ಟೆ. ಯಾವ ಗಾಡಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಇವತ್ತು ಓಡಿಸಿ ನೋಡಲು ಗಾಡಿ ಕೊಟ್ಟರು. ನಾಲ್ಕು ಚಕ್ರದ್ದು. ಹೊಸ ಗಾಡಿಗೆ ಮೆಟ್ಟು ಹಾಕಿ ಹತ್ತುವ ಜಾತಿಯವನಲ್ಲ ನಾನು. ಚಪ್ಪಲಿ ಕೆಳಗೆ ಬಿಟ್ಟು, ಸ್ಟೇರಿಂಗಿಗೆ ಕೈಮುಗಿದು ಕೂತೆ. ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಎರಡೇ ಪೆಡಲು. ಎಡಗಾಲು ಮದುವೆಗೆ ಬಂದ ಬಡವನ ಹಾಗೆ ಸುಮ್ಮನೆ ಕೂತಿರಬೇಕು.

ರಿಂಗ್ ರೋಡಿನ ತನಕ ಚೆನ್ನಾಗಿ ಹೋಯಿತು. ವಾಪಸ್ ಬಂದು ಶೋರೂಮಿನ ಮುಂದೆ ನಿಲ್ಲಿಸುವಾಗ ಬ್ರೇಕ್ ಒತ್ತಿದೆ. ಗಾಡಿ ನಿಲ್ಲುವ ಬದಲು ಎಗರಿತು. ಮುಂದೆ ಸಾಲಾಗಿ ಇಟ್ಟಿದ್ದ ಹೂವಿನ ಕುಂಡಗಳಲ್ಲಿ ಎರಡು ಚೂರಾದವು. ಶಾಲಿನಿ ಪಕ್ಕದಿಂದ ಕೈ ಹಾಕಿ ಏನೋ ಎಳೆದಳು, ಗಾಡಿ ನಿಂತಿತು.

"ಬ್ರೇಕೇ ಒತ್ತಿದ್ದು ನಾನು!" ಎಂದೆ.

ಅಭಿರಾಮ ಸಾರ್ ಎನ್ನಲಿಲ್ಲ, ಸುಮ್ಮನೆ ಕುಂಡದ ಮಣ್ಣು ಬಳಿದ. ನಾನೂ ಇಳಿದು ಚೂರು ಆಯ್ದು ಕೊಟ್ಟೆ. ರಾಜೇಶ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡಿದಳು.

ಇದರಿಂದ ಒಂದು ಸ್ಪಷ್ಟವಾಯಿತು. ನಾಲ್ಕೂ ಚಕ್ರ ಎಳೆಯುವ ಗಾಡಿ ಬೆದರಿದ ಹೋರಿ ಇದ್ದ ಹಾಗೆ. ಬ್ರೇಕ್ ಒತ್ತಿದರೆ ಎಗರುತ್ತದೆ. ಹಿಂದಿನ ಚಕ್ರದ್ದೇ ತೆಗೆದುಕೊಳ್ಳುವುದು.

ಸೆಪ್ಟೆಂಬರ್ 8, ಸೋಮವಾರ

ಬೆಳಿಗ್ಗೆ ಸಿಂಚನ ಕಿರುಚಿದಳು. ಹಜಾರದಿಂದ ಬಚ್ಚಲಿನ ತನಕ ರಕ್ತದ ಬೊಟ್ಟು ಸಾಲಾಗಿ ಬಿದ್ದಿತ್ತು. ಬೆಕ್ಕು ಇಲಿ ಹಿಡಿದಿರಬೇಕು ಎಂದೆ. ಬೊಟ್ಟುಗಳು ನನ್ನ ಕಾಲ ಹತ್ತಿರ ಬಂದು ನಿಂತಿದ್ದವು.

ಶಾಲಿನಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಬಲಗಾಲು ತನ್ನ ಮಡಿಲಿಗೆ ಎತ್ತಿಕೊಂಡಳು. ಸೊಸೆ ಕೈಲಿ ಕಾಲು ಹಿಡಿಸಿಕೊಳ್ಳುವುದೇ? ಎಳೆದುಕೊಂಡೆ. ಬಿಡಲಿಲ್ಲ. ಅಂಗಾಲಿನಿಂದ ಕುಂಡದ ಚೂರು ಒಂದನ್ನು ಚಿಮಟಿಗೆಯಲ್ಲಿ ಕಿತ್ತಳು, ಹುಣಸೆಬೀಜದಷ್ಟು ದಪ್ಪ.

"ನಿನ್ನೆಯಿಂದ ಇದೆ ಮಾವ. ನೋವಾಗ್ಲಿಲ್ವಾ?"

"ಇಷ್ಟಕ್ಕೆಲ್ಲ ನೋವು ಅಂತ ಕೂತಿದ್ರೆ ನಿಮ್ಮನ್ನೆಲ್ಲ ಸಾಕ್ತಿರ್ಲಿಲ್ಲ ಕಣಮ್ಮ."

"ನೋವು ತಡ್ಕೊಂಡ್ರಾ, ನೋವೇ ಆಗ್ಲಿಲ್ವಾ? ಯಾವ್ದು ಹೇಳಿ."

ಇದೆಂಥ ಪ್ರಶ್ನೆ. ಎರಡೂ ಒಂದೇ ಅಲ್ಲವೇ.

ಸೆಪ್ಟೆಂಬರ್ 10, ಬುಧವಾರ

ಆಸ್ಪತ್ರೆ. ಸಕ್ಕರೆ ಕಾಯಿಲೆ ನೋಡುವ ಡಾಕ್ಟರು. ಮಂಚದ ಮೇಲೆ ಮಲಗಿಸಿ, "ಕಣ್ಣು ಮುಚ್ಕೊಳ್ಳಿ, ಪಾದಕ್ಕೆ ಮುಟ್ಟಿದಾಗೆಲ್ಲ ಹೇಳಿ" ಎಂದರು. ಕಣ್ಣು ಮುಚ್ಚಿದೆ. ಕಾದೆ. ಆ ಪುಣ್ಯಾತ್ಮ ಮುಟ್ಟಲೇ ಇಲ್ಲ. ಮುಟ್ಟದೆ ಇದ್ದರೆ ನಾನೇನು ಹೇಳಲಿ? ಕಣ್ಣು ಬಿಟ್ಟಾಗ ದೇವಿರಮ್ಮ ಸೆರಗಿನ ಚುಂಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಗಾಡಿ ಓಡಿಸಬೇಡಿ ಎಂದರು. ಬರಿಗಾಲಲ್ಲಿ ನಡೆಯಬೇಡಿ ಎಂದರು. ಕಾಯಿಲೆ ನೋಡುವವರಿಗೆ ಗಾಡಿಯ ವಿಷಯ ಯಾಕೆ?

ಬರೆಯುವುದು ಇಷ್ಟೇ.

ಸೆಪ್ಟೆಂಬರ್ 14, ಭಾನುವಾರ

ಎಲ್ಲರೂ ಮಾರಿಗುಡಿಗೆ ಹೋಗಿದ್ದರು. ಹಳೇ ಕಾರಿನಲ್ಲಿ ಹೋಗಿ ಕೂತೆ. ಕೀ ಹಾಕಲಿಲ್ಲ. ಕಣ್ಣು ಮುಚ್ಚಿಕೊಂಡು ಬ್ರೇಕಿನ ಮೇಲೆ ಕಾಲಿಟ್ಟು, ಕಣ್ಣು ಬಿಟ್ಟು ನೋಡಿದೆ. ಬ್ರೇಕೇ. ಇನ್ನೊಂದು ಸಲ. ಬ್ರೇಕೇ. ಇನ್ನೊಂದು ಸಲ ಇಟ್ಟೆ, ನನ್ನ ಕಾಲು ಎಕ್ಸಲೇಟರಿನ ಮೇಲಿತ್ತು. ಗಟ್ಟಿಯಾಗಿ ಒತ್ತಿಕೊಂಡೇ ಇತ್ತು. ಒತ್ತಿದ್ದು ನನಗೆ ಗೊತ್ತಿಲ್ಲ.

ಬೆಳಕು ಸರಿಯಾಗಿರಲಿಲ್ಲ.

ಎದುರುಮನೆ ಇಂದ್ರಮ್ಮ ಬಂದು, "ಎಲ್ಗೋ ಹೊರಟಂಗದೆ ಅಣ್ಣ?" ಎಂದಳು. ಎಲ್ಲಿಗೂ ಇಲ್ಲ ಎಂದೆ. ಗೇಟು ಹಾಕುವಾಗ ಯೋಚನೆ ಬಂತು: ಕಣ್ಣು ಮುಚ್ಚಿಕೊಂಡಾಗ ಬೆಳಕಿಗೂ ಇದಕ್ಕೂ ಏನು ಸಂಬಂಧ?

ಸೆಪ್ಟೆಂಬರ್ 17, ಬುಧವಾರ

ಸಂಜೆ ಶಾಲಿನಿ ಕೆಲಸದಿಂದ ಬಂದ ಕೂಡಲೇ, "ನಡಿ, ನೀನು ಎಂಗೆ ಓಡಿಸ್ತೀಯ ನೋಡ್ಬೇಕು" ಎಂದೆ. ಅವಳು ಕಾಲೇಜೊಂದರಲ್ಲಿ ಲ್ಯಾಬು ನೋಡಿಕೊಳ್ಳುತ್ತಾಳೆ. ದಿನಾ ಹಳೇ ಕಾರು ಓಡಿಸುತ್ತಾಳೆ. ಇಷ್ಟು ವರ್ಷ ನಾನು ಅವಳ ಪಕ್ಕದಲ್ಲಿ ಕೂತು ಎಲ್ಲಿಗೂ ಹೋಗಿರಲಿಲ್ಲ. ಯಾಕೋ ಗೊತ್ತಿಲ್ಲ. ಸಂದರ್ಭ ಬಂದಿರಲಿಲ್ಲ.

ಹೊಸ ಬಡಾವಣೆಯೊಂದರ ಹಿಂದೆ ಮಣ್ಣಿನ ದಿಬ್ಬ ಇದೆ. ಮಳೆ ಬಂದು ಕೆಸರಾಗಿತ್ತು. ಅದನ್ನು ಹತ್ತಿಸು ಎಂದೆ. ನುಗ್ಗಿಸಿದಳು. ಅರ್ಧಕ್ಕೆ ಚಕ್ರ ತಿರುಗಿತು.

"ಒತ್ತಬ್ಯಾಡ! ಒತ್ತಿದಷ್ಟೂ ಹೂತ್ಕೊಳ್ತದೆ. ಕೆಳಕ್ಕೆ ಬಾ. ನಿಧಾನ. ಎಮ್ಮೆ ಹಾಲು ಕರೆಯೋ ಹಂಗೆ ಒತ್ತು."

"ನಾನು ಎಮ್ಮೆ ಹಾಲು ಕರೆದಿಲ್ಲ ಮಾವ."

"ಓದಿದ್ದೀಯ, ಇಷ್ಟೂ ಗೊತ್ತಿಲ್ವಾ? ಗಾಡಿ ಜಾರೋದು ಸೊಂಟಕ್ಕೆ ಗೊತ್ತಾಗಬೇಕು."

"ನನ್ನ ಸೊಂಟಕ್ಕೆ ನೋವು ಮಾತ್ರ ಗೊತ್ತಾಗುತ್ತೆ."

ಮತ್ತೆ ಜಾರಿತು. ಮತ್ತೆ ಬೈದೆ. ಅವಳು ಕೀ ತಿರುಗಿಸಿ ಗಾಡಿ ನಿಲ್ಲಿಸಿಬಿಟ್ಟಳು.

"ಮಾವ, ನೀವು ಮೂವತ್ತು ವರ್ಷದಲ್ಲಿ ಕಲಿತದ್ದನ್ನ ನಾನು ಕಾರ್ತಿಕದೊಳಗೆ ಕಲಿಯಕ್ಕಾಗಲ್ಲ. ನಂಗೆ ನಾಲ್ಕೂ ಚಕ್ರ ಎಳೆಯೋ ಗಾಡಿ ಬೇಕು. ಅತ್ತೆ ಹಿಂದೆ ಆರತಿ ಹಿಡ್ಕೊಂಡು ಕೂತಿರ್ತಾರೆ. ನಂಗೆ ಒಳ್ಳೇ ಡ್ರೈವರ್ ಅನ್ನೋ ಹೆಸರು ಬೇಡ, ಮೇಲೆ ಹೋದ್ರೆ ಸಾಕು."

"ನಿಂಗೆ ಯಾಕೆ? ಓಡ್ಸೋನು ನಾನು."

ಅವಳು ಮತ್ತೆ ಕೀ ತಿರುಗಿಸಿ ವೈಪರ್ ಹಾಕಿದಳು, ಮಳೆ ಇರಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತೋ ಏನೋ, ನಾನು ಸರಿಯಾಗಿ ನೋಡಲಿಲ್ಲ.

ಇನ್ನೊಂದು ಸಲ ಪ್ರಯತ್ನ ಮಾಡು ಎಂದೆ. ಬೈಯಲಿಲ್ಲ. ಹತ್ತಿತು.

ಸೆಪ್ಟೆಂಬರ್ 19

ಮತ್ತೆ ದಿಬ್ಬ. ಹೇಗೆ ಇಳಿಯಬೇಕು ಎಂದು ತೋರಿಸಿದೆ. ಬಾಯಲ್ಲೇ ತೋರಿಸಿದ್ದು. ಹುಡುಗಿ ಸ್ಟೇರಿಂಗ್ ಹಿಡಿಯುವುದು ಸರಿ ಇದೆ, ಹೇಳಲಿಲ್ಲ. ಹೇಳಿದರೆ ಕೊಬ್ಬುತ್ತಾಳೆ.

ಸೆಪ್ಟೆಂಬರ್ 22, ಸೋಮವಾರ

ಇವತ್ತಿನಿಂದ ದಸರಾ. ಊರೆಲ್ಲ ದೀಪ, ರಸ್ತೆಯೆಲ್ಲ ಜನ. ಇನ್ನು ತಡ ಮಾಡಿದರೆ ಆಯುಧಪೂಜೆಗೆ ಗಾಡಿ ಸಿಗುವುದಿಲ್ಲ ಎಂದು ರಾಜೇಶ ಕುಣಿಯುತ್ತಿದ್ದ. ಶೋರೂಮಿಗೆ ಹೋದೆವು. ಅಭಿರಾಮ ಕುಂಡಗಳನ್ನು ಒಳಗೆ ಇಡಿಸಿದ್ದ. ಗಮನಿಸಿದೆ.

ಶಾಲಿನಿ ಎರಡನ್ನೂ ಓಡಿಸಿದಳು. ನಾನು ಎರಡರಲ್ಲೂ ಹಿಂದೆ ಕೂತೆ. ಹಿಂದಿನ ಚಕ್ರದ್ದು ನನ್ನ ಟೆಂಪೋ ಹಾಗೇ ಬೆನ್ನಿಗೆ ಕೈ ಕೊಟ್ಟು ತಳ್ಳುತ್ತದೆ. ಎಂಥ ಸುಖ. ನಾಲ್ಕು ಚಕ್ರದ್ದರಲ್ಲಿ ಏನೂ ಗೊತ್ತಾಗುವುದಿಲ್ಲ, ಸುಮ್ಮನೆ ಹೋಗುತ್ತದೆ. ಆದರೆ ನಾಲ್ಕು ಚಕ್ರದ್ದನ್ನು ಓಡಿಸುವಾಗ ಅವಳ ಭುಜ ಕೆಳಗಿಳಿದಿತ್ತು. ಹಿಂದಿನ ಚಕ್ರದ್ದರಲ್ಲಿ ಕಿವಿಯ ತನಕ ಎತ್ತಿಕೊಂಡಿದ್ದಳು. ಹಿಂದಿನಿಂದ ಇದೆಲ್ಲ ಚೆನ್ನಾಗಿ ಕಾಣುತ್ತದೆ.

ಕಾಗದ ತುಂಬುತ್ತಾ ಅಭಿರಾಮ ಕೇಳಿದ, "ಯಾವುದು ಸಾರ್ ಫೈನಲ್?"

"ನಾಲ್ಕು ಚಕ್ರದ್ದು."

ರಾಜೇಶ ಬಾಯಿ ಬಿಟ್ಟ. "ಅಪ್ಪಾ, ನೀನು ಹಿಂದಿನದೇ ಬೇಕು ಅಂತಿದ್ದೆ?"

"ಓಡ್ಸೋಳು ಅವಳು ಕಣೋ. ಅವಳ ಕೈಗೆ ಏನು ಬೇಕೋ ಅದು" ಎಂದೆ.

ಎಲ್ಲರೂ ನನ್ನನ್ನೇ ನೋಡಿದರು. ಯಾಕೆ ಹಾಗೆ ನೋಡಿದರು ಎಂದು ಮನೆಗೆ ಬಂದ ಮೇಲೆ ಯೋಚಿಸಿದೆ. ಅಂಥದ್ದೇನು ಹೇಳಿದೆ ನಾನು?

ಅಕ್ಟೋಬರ್ 1, ಆಯುಧಪೂಜೆ

ಗಾಡಿ ಬಂತು. ಬೂದುಗುಂಬಳ ಒಡೆದೆ. ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟು ಶಾಲಿನಿಗೆ ಹತ್ತಿಸು ಎಂದೆ. ಹತ್ತಿಸಿದಳು. ನಾಲ್ಕೂ ಒಂದೇ ಸಲ ಚಪ್ಪಟೆಯಾದವು.

ಶಾಮಣ್ಣ ಮೇಷ್ಟ್ರು ಪ್ರಸಾದಕ್ಕೆ ಬಂದಿದ್ದರು. "ಕೊನೆಗೂ ಯಾವ ಸಿದ್ಧಾಂತ ಗೆದ್ದಿತು?" ಎಂದರು. "ಎರಡೂ ಸರಿ ಕಣ್ರೀ" ಎಂದೆ. ಅವರಿಗೆ ಹಾಗೇ ಆಗಬೇಕಿತ್ತು.

ನವೆಂಬರ್ 2, ಭಾನುವಾರ

ದಾಯಾದಿ ಮಂಟೇಸ್ವಾಮಿ ಫೋನು ಮಾಡಿದ. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು, ಮಾತು ನಮ್ಮಜ್ಜನದ್ದು. ಸುದ್ದಿ ಯಾರು ಮುಟ್ಟಿಸಿದರೋ.

"ಏನಣ್ಣೋ, ಈ ಸಲ ಗುಡ್ಡಕ್ಕೆ ಹೆಣ್ಣೆಂಗ್ಸು ಗಾಡಿ ಹೊಡೀತದಂತೆ? ಕಟ್ಟಲೆ ಏನಾಯ್ತು?"

"ಕಟ್ಟಲೆ ಇಲ್ಲೇ ಕೂತದೆ, ಸಕ್ಕರೆ ಮಾತ್ರೆ ನುಂಗ್ಕೊಂಡು."

"ಅಂಗಲ್ಲ, ನಿನ್ ಕೈಲಾಗ್ದಿದ್ರೆ ನಾನು ಹೊಡೀತೀನಿ. ಗಂಡಸರು ಇದ್ದೀವಲ್ಲ."

"ನೀನು ಹೊಸ ಟ್ರ್ಯಾಕ್ಟ್ರು ಕೆರೆಗೆ ಇಳಿಸಿದ್ದು ಅಮ್ಮನಿಗೂ ಗೊತ್ತು ಕಣ್ಲಾ. ಅಮ್ಮನಿಗೆ ಬೇಕಾಗಿರೋದು ಆರತಿ. ಅದು ಮೇಲಕ್ಕೆ ಬರ್ತದೆ. ಕಣ್ಣಿದ್ರೆ ಬಂದು ನೋಡು, ಇಲ್ದಿದ್ರೆ ಮನೇಲಿ ಬಿದ್ದಿರು."

ಫೋನು ಕುಕ್ಕಿದೆ. ದೇವಿರಮ್ಮ ಅಕ್ಕಿ ನೆನೆಹಾಕುತ್ತಿದ್ದವಳು ಎದ್ದು ಹೋಗಿ ಕಾಫಿ ತಂದು ಕೊಟ್ಟಳು. ನಾನು ಕೇಳಿರಲಿಲ್ಲ. ಕೂಗಾಡಿದಾಗ ಅವಳು ಕಾಫಿ ಕೊಡುವ ವಾಡಿಕೆಯೂ ಇಲ್ಲ. ಇವಳೂ ಅರ್ಥವಾಗುವುದಿಲ್ಲ.

ನವೆಂಬರ್ 4, ಮಂಗಳವಾರ

ಪರ ಮುಗಿಸಿ ಈಗ ಬಂದೆವು. ಮೈ ಕೈ ನೋವು. ಆದರೂ ಬರೆಯಬೇಕು, ಒಂದು ಅನ್ಯಾಯ ಆಗಿದೆ.

ಮೂರು ದಿನದಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಗುಡ್ಡದ ಕಡೆ ಮಳೆ ಎಂದು ಸುದ್ದಿ ಬರುತ್ತಲೇ ಇತ್ತು. ಬೆಳಗಾಗುತ್ತಲೇ ಹೊರಟೆವು. ದೇವಿರಮ್ಮ ನಡುವಿನ ಸೀಟಿನಲ್ಲಿ, ತೊಡೆಯ ಮೇಲೆ ತಂಬಿಟ್ಟಿನ ಆರತಿ. ಪಕ್ಕದಲ್ಲಿ ಸಿಂಚನ. ಮುಂದೆ ರಾಜೇಶ, ಈಗಾಗಲೇ ಬೆವರುತ್ತಿದ್ದಾನೆ. ನಾನು ಎಲ್ಲರಿಗಿಂತ ಹಿಂದೆ, ಒಬ್ಬನೇ. ಬೇಕೆಂದೇ ಅಲ್ಲಿ ಕೂತದ್ದು. ಏರಿನಲ್ಲಿ ಯಾವಾಗ ಹಿಂದಿನ ಚಕ್ರ ಬಿಡುತ್ತದೆ, ಯಾವಾಗ ಮುಂದಿನದು ಹಿಡಿಯುತ್ತದೆ, ಸೊಂಟದಲ್ಲೇ ತಿಳಿದುಕೊಂಡು ಈ ವಿಷಯ ಇವತ್ತಿಗೆ ಮುಗಿಸಬೇಕು ಎಂದು.

ಗುಡ್ಡದ ಬುಡದಲ್ಲಿ ಶಾಲಿನಿ ಗಾಡಿ ನಿಲ್ಲಿಸಿ ಚಪ್ಪಲಿ ಬಿಟ್ಟಳು. ನನ್ನ ಕಡೆ ತಿರುಗಿ, "ಮಾವ, ಹೊರಡ್ಲಾ?" ಎಂದಳು. ಎಮ್ಮೆ ನೆನಪಿಟ್ಕೋ ಎಂದೆ. ನಕ್ಕಳು. ಡಾಂಬರು ಮುಗಿದು ಮಣ್ಣಿಗೆ ಚಕ್ರ ಇಳಿದದ್ದು ಗೊತ್ತು. ಅವಳ ಭುಜ ಕೆಳಗಿಳಿದೇ ಇತ್ತು, ಅದೂ ಗೊತ್ತು.

ಆಮೇಲೆ ಸಿಂಚನ ನನ್ನ ಮೊಣಕೈ ಅಲುಗಿಸುತ್ತಿದ್ದಳು. "ತಾತ, ಇಳೀರಿ. ಬಂದ್ವಿ."

ಮೇಲಿದ್ದೆವು. ಗುಡಿಯ ಮುಂದೆ. ದೇವಿರಮ್ಮ ಆಗಲೇ ಇಳಿದು, ಮಂಡಿ ಹಿಡಿದುಕೊಂಡು, ಆರತಿ ಹೊತ್ತು ನಿಂತಿದ್ದಳು. ದೀಪ ಉರಿಯುತ್ತಿತ್ತು. ಅಮ್ಮನ ಮುಂದೆ ಮೂರು ಸುತ್ತು ಎತ್ತಿದಳು. ದೀಪ ಆರಲಿಲ್ಲ. ಮಂಟೇಸ್ವಾಮಿ ಮೂಲೆಯಲ್ಲಿ ನಿಂತು ನೋಡಿದ.

ಶಾಲಿನಿಯನ್ನು ಪಕ್ಕಕ್ಕೆ ಕರೆದು ಕೇಳಿದೆ, "ಎಲ್ಲೂ ಜಾರ್ಲಿಲ್ವಾ?"

"ಎರಡು ಕಡೆ ಜಾರ್ತು ಮಾವ. ಹೋದ ಸಲ ನಿಂತ ಜಾಗದಲ್ಲಂತೂ ಜೋರಾಗಿ. ಇವ್ರು ದೇವರ ಹೆಸರೆಲ್ಲ ಹೇಳಿ ಮುಗಿಸಿದ್ರು."

"ನನ್ನನ್ನ ಯಾಕೆ ಎಬ್ಬಿಸ್ಲಿಲ್ಲ?"

"ಅತ್ತೆ ಬೇಡ ಅಂದ್ರು. ಗೊರಕೆ ಹೊಡೀತಿದ್ರಿ."

ಮೂವತ್ತು ವರ್ಷ ಟೆಂಪೋ, ಆಮೇಲೆ ಬಸ್ಸು, ಕಾರು, ಯಾರ್‍ಯಾರದೋ ಮದುವೆ ವ್ಯಾನು. ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ನಾನು ಒಂದು ದಿನವೂ ಕಣ್ಣು ಮುಚ್ಚಿದವನಲ್ಲ. ಇಂಥ ಏರಿನಲ್ಲಿ ನಿದ್ದೆ ಮಾಡಿದ್ದೇನೆ ಎಂದರೆ ನನಗೇ ನಂಬಿಕೆ ಬರುತ್ತಿಲ್ಲ. ಯಾವ ಚಕ್ರ ಎಳೆಯಿತು, ಯಾವುದು ಬಿಟ್ಟಿತು, ಏನೂ ತಿಳಿಯದೆ ಹೋಯಿತು.

ಹಿಂದಿನ ಸೀಟು ವಿಪರೀತ ಮೆತ್ತಗಿದೆ. ಇಷ್ಟು ಮೆತ್ತನೆ ಸೀಟು ಒಳ್ಳೆಯದಲ್ಲ. ನಾಳೆ ಅಭಿರಾಮನಿಗೆ ಫೋನು ಮಾಡಿ ಬೈಯಬೇಕು.